ವರದಿಯಲ್ಲಿ ‘ಪಿ16 ನೆಗೆಟಿವ್’ ಎಂದಿದೆ: ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಎಪಿಜೆನೆಟಿಕ್ಸ್ ಮಾಡುವುದೇನು?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಬಹಳ ಕಾಲ ಸಿಗರೇಟು ಸೇದಿದವರು. ನಾಲಿಗೆಯ ಅಂಚಿನಲ್ಲಿ ವಾಸಿಯಾಗದ ಹುಣ್ಣಿತ್ತು. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ (ಹೊರಪದರದ ಕೋಶಗಳ ಕ್ಯಾನ್ಸರ್) ಎಂದು ಬಂದಿದೆ, ಕೊನೆಯಲ್ಲಿ ‘ಪಿ16 ನೆಗೆಟಿವ್’ ಎಂಬ ಸಾಲಿದೆ. ಎಪಿಜೆನೆಟಿಕ್ ಬದಲಾವಣೆಯಿಂದ ಹೀಗಾಗುತ್ತದೆ, ಅದನ್ನು ಹಿಂದಿರುಗಿಸಬಹುದು ಎಂದು ಓದಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಮಿಥೈಲೇಶನ್ ಪರೀಕ್ಷೆ ಮಾಡಿಸಬೇಕೆ? ಇದಕ್ಕೆ ಔಷಧ ಅಥವಾ ಆಹಾರಕ್ರಮ ಇದೆಯೆ? ಮಕ್ಕಳಾದ ನಮಗೂ ಇದು ದಾಟುತ್ತದೆಯೆ?

ಉತ್ತರ: ಮೊದಲು ತುರ್ತಿನ ಮಾತು. ಮಿಥೈಲೇಶನ್ ಪರೀಕ್ಷೆಗಾಗಿ ಶಸ್ತ್ರಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬೇಡಿ. ನಾಲಿಗೆಯ ಕ್ಯಾನ್ಸರ್‌ನಲ್ಲಿ ಆ ಪರೀಕ್ಷೆಯ ಫಲಿತಾಂಶ ಏನೇ ಬಂದರೂ ಇವತ್ತಿಗೆ ಚಿಕಿತ್ಸೆ ಬದಲಾಗುವುದಿಲ್ಲ. ಯಾಕೆ ಎಂದು ತಿಳಿಯಲು ವರದಿಯ ಆ ಒಂದು ಸಾಲನ್ನೇ ಹಿಡಿದು ಹೊರಡೋಣ. ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಎಪಿಜೆನೆಟಿಕ್ಸ್ ಏನು ಮಾಡುತ್ತದೆ ಎಂಬುದರ ಬಹುಪಾಲು ಪಿ16 ಒಂದರಲ್ಲೇ ಕಾಣಸಿಗುತ್ತದೆ.

ನಾಲಿಗೆಯ ಹೊರಪದರದ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಇರುವ ಡಿಎನ್‌ಎ ಒಂದೇ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವ ಗುರುತುಗಳು ಮಾತ್ರ ಬೇರೆ. ಈ ಗುರುತುಗಳು ಡಿಎನ್‌ಎಯ ಅಕ್ಷರಗಳನ್ನು ಬದಲಿಸುವುದಿಲ್ಲ, ಆದರೆ ಕೋಶ ಒಡೆದು ಎರಡಾದಾಗ ಎರಡಕ್ಕೂ ದಾಟುತ್ತವೆ. ಇವುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. 1942ರಲ್ಲಿ ಕಾನ್ರಾಡ್ ವಾಡಿಂಗ್ಟನ್ ಈ ಪದವನ್ನು ಬಳಕೆಗೆ ತಂದರು.

ಗುರುತುಗಳಲ್ಲಿ ಮುಖ್ಯವಾದುವು ಎರಡು. ಒಂದು, ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುವುದು, ಅಂದರೆ ಮಿಥೈಲೇಶನ್. ಸೈಟೋಸಿನ್ ಪಕ್ಕದಲ್ಲೇ ಗ್ವಾನಿನ್ ಇರುವ ಜಾಗಗಳಲ್ಲಿ ಇದು ಹೆಚ್ಚು. ಜೀನ್ ಶುರುವಾಗುವ ಕಡೆ, ಅಂದರೆ ಪ್ರೊಮೋಟರ್‌ನಲ್ಲಿ, ಇಂಥ ಜಾಗಗಳು ದಟ್ಟವಾಗಿರುತ್ತವೆ. ಅಲ್ಲೆಲ್ಲ ಮಿಥೈಲ್ ಕೂತರೆ ಆ ಜೀನ್ ಬಾಯಿ ಮುಚ್ಚುತ್ತದೆ. ಎರಡನೆಯದು ಹಿಸ್ಟೋನ್‌ಗಳ ಮೇಲಿನ ಗುರುತು. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ, ಒಂದೊಂದಕ್ಕೆ ಸುಮಾರು 147 ಅಕ್ಷರಜೋಡಿಗಳಂತೆ, ಸುತ್ತಿಕೊಂಡಿರುತ್ತದೆ. ಹಿಸ್ಟೋನ್‌ಗೆ ಅಸಿಟೈಲ್ ಗುಂಪು ಸೇರಿದರೆ ಸುತ್ತು ಸಡಿಲವಾಗಿ ಜೀನ್ ಓದಲು ಸಿಗುತ್ತದೆ. ಅದನ್ನು ಎಚ್‌ಡಿಎಸಿ ಕಿಣ್ವಗಳು ಕಿತ್ತರೆ ಸುತ್ತು ಬಿಗಿಯುತ್ತದೆ. ಇಝಡ್‌ಎಚ್2 ಎಂಬ ಕಿಣ್ವ ಹಿಸ್ಟೋನ್ 3ರ 27ನೇ ಲೈಸಿನ್ ಮೇಲೆ ಮೂರು ಮಿಥೈಲ್ ಕೂರಿಸಿದರೂ ಜೀನ್ ಮುಚ್ಚಿಕೊಳ್ಳುತ್ತದೆ.

ಈಗ ಪಿ16. ಇದು 9ನೇ ಕ್ರೋಮೋಸೋಮಿನಲ್ಲಿರುವ ಸಿಡಿಕೆಎನ್2ಎ ಎಂಬ ಜೀನ್ ತಯಾರಿಸುವ ಪ್ರೋಟೀನ್. ಕೋಶ ವಿಭಜನೆಗೆ ಬ್ರೇಕ್ ಇದ್ದಂತೆ. ತಂಬಾಕು, ಮದ್ಯದಿಂದ ಬರುವ ಬಾಯಿ ಕ್ಯಾನ್ಸರ್‌ಗಳಲ್ಲಿ ಈ ಬ್ರೇಕ್ ಬಹಳ ಬೇಗ ಕೆಡುತ್ತದೆ, ಆದರೆ ಕೆಡುವ ದಾರಿ ಮೂರು. ಜೀನ್ ಇರುವ ತುಂಡೇ ಕಳಚಿಹೋಗಬಹುದು. ಜೀನ್‌ನ ಅಕ್ಷರ ತಪ್ಪಾಗಬಹುದು. ಇಲ್ಲವೇ ಜೀನ್ ಸರಿಯಾಗಿಯೇ ಇದ್ದು ಪ್ರೊಮೋಟರ್ ಮಿಥೈಲ್‌ನಿಂದ ಮುಚ್ಚಿಹೋಗಬಹುದು. ಮೂರನೆಯದು ಮಾತ್ರ ಎಪಿಜೆನೆಟಿಕ್, ಸಿದ್ಧಾಂತದಲ್ಲಿ ಹಿಂದಿರುಗಿಸಬಹುದಾದದ್ದೂ ಅದೊಂದೇ. ಕಳಚಿಹೋದ ಜೀನನ್ನು ಯಾವ ಔಷಧವೂ ಎಬ್ಬಿಸಲಾರದು. ತಂಬಾಕಿನ ಕ್ಯಾನ್ಸರ್‌ಗಳಲ್ಲಿ ತುಂಡು ಕಳಚುವುದೇ ಹೆಚ್ಚು ಕಾಣುವ ದಾರಿ.

ನಿಮ್ಮ ವರದಿಯ ‘ನೆಗೆಟಿವ್’ ಈ ಮೂರರಲ್ಲಿ ಯಾವುದೆಂದು ಹೇಳುವುದಿಲ್ಲ. ಅದು ಮಿಥೈಲೇಶನ್ ಪರೀಕ್ಷೆಯೇ ಅಲ್ಲ. ಬಯಾಪ್ಸಿಯ ತೆಳು ಪದರಕ್ಕೆ ಪ್ರತಿಕಾಯ ಹಾಕಿ, ಪಿ16 ಪ್ರೋಟೀನ್ ಇರುವ ಕೋಶಗಳಿಗೆ ಕಂದು ಬಣ್ಣ ಬರಿಸಿ ಎಣಿಸುವ ಪರೀಕ್ಷೆ ಅದು. ಕ್ಯಾನ್ಸರ್ ಕೋಶಗಳಲ್ಲಿ ಶೇ 70 ಅಥವಾ ಹೆಚ್ಚು ಕೋಶಗಳ ಕೇಂದ್ರದಲ್ಲೂ (ನ್ಯೂಕ್ಲಿಯಸ್) ಅದರ ಸುತ್ತಲಿನ ಕೋಶದ್ರವದಲ್ಲೂ ಮಧ್ಯಮದಿಂದ ಗಾಢ ಬಣ್ಣ ಬಂದರೆ ಪಾಸಿಟಿವ್, ಅದಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್. ಶೇ 60 ಕೋಶಗಳಿಗೆ ಬಣ್ಣ ಬಂದಿದ್ದರೂ ವರದಿಯಲ್ಲಿ ‘ನೆಗೆಟಿವ್’ ಎಂದೇ ಇರುತ್ತದೆ. ಹಾಗಾಗಿ ಈ ಪದದಿಂದ ಜೀನ್ ಸತ್ತಿದೆ ಎಂಬ ತೀರ್ಮಾನಕ್ಕೂ ಬರುವಂತಿಲ್ಲ.

ಈ ಪರೀಕ್ಷೆ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ, ಅಂದರೆ ಬಾಯ ಹಿಂದಿನ ಗಂಟಲಿನಲ್ಲಿ, ಎಚ್‌ಪಿವಿ 16 ವೈರಸ್‌ನಿಂದ ಬರುವ ಕ್ಯಾನ್ಸರ್ ಒಂದಿದೆ. ಆ ವೈರಸ್‌ನ ಇ7 ಪ್ರೋಟೀನ್ ನಮ್ಮ ಕೋಶದ ಆರ್‌ಬಿ ಎಂಬ ಪ್ರೋಟೀನನ್ನು ನಾಶ ಮಾಡುತ್ತದೆ. ಜೊತೆಗೆ ಕೆಡಿಎಂ6ಬಿ ಎಂಬ ಕಿಣ್ವವನ್ನು ಹೆಚ್ಚಿಸುತ್ತದೆ, ಆ ಕಿಣ್ವ ಪಿ16 ಜೀನ್ ಮೇಲೆ ಇಝಡ್‌ಎಚ್2 ಕೂರಿಸಿದ್ದ ಮುಚ್ಚುವ ಗುರುತನ್ನು ಕಿತ್ತು ಹಾಕುತ್ತದೆ. ಪಿ16 ರಾಶಿ ರಾಶಿ ಬರುತ್ತದೆ, ಆದರೆ ಅದು ಬ್ರೇಕ್ ಹಾಕಬೇಕಾದ ಗಾಲಿ, ಅಂದರೆ ಆರ್‌ಬಿ, ಆಗಲೇ ಹೋಗಿರುವುದರಿಂದ ಪ್ರಯೋಜನವಿಲ್ಲ. ಒಂದೇ ಜೀನ್, ಒಂದು ರೋಗದಲ್ಲಿ ಮುಚ್ಚಿಹೋಗುತ್ತದೆ, ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ. ಎಚ್‌ಪಿವಿ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವುದರಿಂದ, ಕ್ಯಾನ್ಸರ್‌ನ ಹಂತ ಗೊತ್ತುಮಾಡಲು ಬಳಸುವ ಎಜೆಸಿಸಿ ಕೈಪಿಡಿಯ, 2018ರಲ್ಲಿ ಜಾರಿಗೆ ಬಂದ 8ನೇ ಆವೃತ್ತಿಯಲ್ಲಿ ಪಿ16 ಪಾಸಿಟಿವ್ ಬಾಯಿಗಂಟಲ ಕ್ಯಾನ್ಸರ್‌ಗೆ ಪ್ರತ್ಯೇಕ ಹಂತಪಟ್ಟಿಯನ್ನೇ ಮಾಡಿದರು.

ನಿಮ್ಮ ತಂದೆಯವರದು ನಾಲಿಗೆಯ ಅಂಚು, ಬುಡವಲ್ಲ. ಅಂಚು ಬಾಯಿಗೆ ಸೇರಿದ್ದು, ಅಲ್ಲಿ ಎಚ್‌ಪಿವಿ ಕ್ಯಾನ್ಸರ್ ವಿರಳ. ಬಾಯಿಯ ಕ್ಯಾನ್ಸರ್‌ನಲ್ಲಿ ಹಂತವನ್ನಾಗಲಿ ಚಿಕಿತ್ಸೆಯನ್ನಾಗಲಿ ಪಿ16 ನಿರ್ಧರಿಸುವುದಿಲ್ಲ, ಅಲ್ಲಿ ಅದನ್ನು ಎಲ್ಲರಿಗೂ ಮಾಡುವುದು ಬೇಡ ಎಂದೇ ಅಮೆರಿಕದ ಪೆಥಾಲಜಿಸ್ಟರ ಕಾಲೇಜು 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ‘ನೆಗೆಟಿವ್ ಬಂತು, ಹಾಗಾದರೆ ಗುಣವಾಗುವುದಿಲ್ಲ’ ಎಂದು ಮನೆಯವರು ಕಣ್ಣೀರಿಡುವುದುಂಟು. ಆ ಅರ್ಥ ಟಾನ್ಸಿಲ್ ಕ್ಯಾನ್ಸರ್‌ನ ಅಂಕಿಅಂಶದಿಂದ ಎರವಲು ಬಂದದ್ದು, ನಾಲಿಗೆಯ ಅಂಚಿಗೆ ಅದು ಹೊಂದುವುದಿಲ್ಲ. ದಯವಿಟ್ಟು ಆ ಭಯ ಬಿಡಿ.

ಹಾಗೆಂದು ಎಪಿಜೆನೆಟಿಕ್ಸ್ ಈ ರೋಗದಲ್ಲಿ ಗೌಣ ಎಂದಲ್ಲ. 2015ರಲ್ಲಿ ಪ್ರಕಟವಾದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಅಧ್ಯಯನ 279 ತಲೆ-ಕುತ್ತಿಗೆ ಗಡ್ಡೆಗಳನ್ನು ಬಿಡಿಸಿ ನೋಡಿತು. ಗುರುತು ಕೂರಿಸುವ ಕಿಣ್ವಗಳ ಜೀನ್‌ಗಳೇ ಅನೇಕ ಗಡ್ಡೆಗಳಲ್ಲಿ ಕೆಟ್ಟಿದ್ದವು. ಅಂಥದ್ದರಲ್ಲೊಂದು ಎನ್‌ಎಸ್‌ಡಿ1, ಸುಮಾರು ಹತ್ತು ಗಡ್ಡೆಗಳಲ್ಲಿ ಒಂದರಲ್ಲಿ ಹಾಳಾಗಿತ್ತು. ಇದು ಹಿಸ್ಟೋನ್ 3ರ 36ನೇ ಲೈಸಿನ್ ಮೇಲೆ ಗುರುತು ಕೂರಿಸುವ ಕಿಣ್ವ. ಡಿಎನ್‌ಎಗೆ ಮಿಥೈಲ್ ಅಂಟಿಸುವ ಕಿಣ್ವಗಳು ಆ ಗುರುತನ್ನು ನೋಡಿಕೊಂಡೇ ಬರುತ್ತವೆ. ಎನ್‌ಎಸ್‌ಡಿ1 ಹೋದರೆ ಡಿಎನ್‌ಎಯ ಉದ್ದಗಲಕ್ಕೂ ಮಿಥೈಲ್ ಉದುರಿಹೋಗುತ್ತದೆ. ಒಂದು ಜೀನ್‌ನ ಅಕ್ಷರತಪ್ಪು ಇಡೀ ಎಪಿಜೆನೋಮನ್ನು, ಅಂದರೆ ಕೋಶದ ಎಲ್ಲ ಗುರುತುಗಳ ಒಟ್ಟು ವ್ಯವಸ್ಥೆಯನ್ನು, ಕದಡುತ್ತದೆ ಎಂದಾಯಿತು. ಜೆನೆಟಿಕ್ ಬೇರೆ, ಎಪಿಜೆನೆಟಿಕ್ ಬೇರೆ ಎಂದು ಗೋಡೆ ಕಟ್ಟಿ ಓದುವುದು ಅದಕ್ಕೇ ತಪ್ಪು ದಾರಿ. ಇಂಥ ಗಡ್ಡೆಗಳು ಧ್ವನಿಪೆಟ್ಟಿಗೆಯಲ್ಲಿ ಹೆಚ್ಚು, ಅಲ್ಲಿ ಎನ್‌ಎಸ್‌ಡಿ1 ಕೆಟ್ಟವರ ಫಲಿತಾಂಶ ಉಳಿದವರಿಗಿಂತ ಉತ್ತಮವಾಗಿರುವುದೂ ಕಂಡಿದೆ.

ಸಾಮಾನ್ಯವಾಗಿ ಕ್ಯಾನ್ಸರ್ ಕೋಶದಲ್ಲಿ ಎರಡು ವಿರುದ್ಧ ಬದಲಾವಣೆ ಒಟ್ಟಿಗೇ ಇರುತ್ತವೆ. ಡಿಎನ್‌ಎಯ ಬಯಲುಗಳಲ್ಲಿ ಮಿಥೈಲ್ ಕಡಿಮೆಯಾಗಿ ಕ್ರೋಮೋಸೋಮುಗಳು ಸ್ಥಿರತೆ ಕಳೆದುಕೊಳ್ಳುತ್ತವೆ, ಆಯ್ದ ಪ್ರೊಮೋಟರ್‌ಗಳಲ್ಲಿ ಮಾತ್ರ ಮಿಥೈಲ್ ಕಿಕ್ಕಿರಿಯುತ್ತದೆ. ಹೀಗೆ ಮುಚ್ಚಿಹೋಗುವವುಗಳಲ್ಲಿ ಡಿಎನ್‌ಎ ದುರಸ್ತಿಯ ಎಂಜಿಎಂಟಿ, ಕೋಶದ ಸಾವನ್ನು ನಡೆಸುವ ಡಿಎಪಿಕೆ1, ಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಇ-ಕ್ಯಾಡ್ಹೆರಿನ್‌ನ ಸಿಡಿಎಚ್1 ಸೇರಿವೆ. ಇ-ಕ್ಯಾಡ್ಹೆರಿನ್ ಕಡಿಮೆಯಾದ ಕೋಶ ಗುಂಪಿನಿಂದ ಬಿಡಿಸಿಕೊಂಡು ಅಲೆಯುವ ಸ್ವಭಾವ ಪಡೆಯುತ್ತದೆ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡುವುದಕ್ಕೂ ಸಿಸ್‌ಪ್ಲಾಟಿನ್ ಎಂಬ ಕೀಮೋಥೆರಪಿ ಔಷಧಕ್ಕೆ ಜಗ್ಗದಿರುವುದಕ್ಕೂ ಇದಕ್ಕೂ ನಂಟಿದೆ.

ಇನ್ನು ಪರೀಕ್ಷೆಯ ವಿಷಯ. ಪ್ರಯೋಗಾಲಯದಲ್ಲಿ ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ಲವಣದಲ್ಲಿ ನೆನೆಸುತ್ತಾರೆ. ಮಿಥೈಲ್ ಇಲ್ಲದ ಸೈಟೋಸಿನ್ ಯುರಾಸಿಲ್ ಆಗಿ ಮಾರ್ಪಡುತ್ತದೆ, ಮಿಥೈಲ್ ಇರುವುದು ಹಾಗೇ ಉಳಿಯುತ್ತದೆ. ಆಮೇಲೆ ಪಿಸಿಆರ್ ಅಥವಾ ಸೀಕ್ವೆನ್ಸಿಂಗ್‌ನಲ್ಲಿ ವ್ಯತ್ಯಾಸ ಓದುತ್ತಾರೆ. ಕೇಳಲು ಸರಳ, ಎಡವುವ ಜಾಗಗಳು ಮಾತ್ರ ಹಲವು. ಬೈಸಲ್ಫೈಟ್ ಡಿಎನ್‌ಎಯ ಬಹುಪಾಲನ್ನು ಚೂರು ಮಾಡುತ್ತದೆ, ಫಾರ್ಮಲಿನ್‌ನಲ್ಲಿಟ್ಟ ಬಯಾಪ್ಸಿಯಲ್ಲಿ ಅದು ಮೊದಲೇ ಚೂರಾಗಿರುತ್ತದೆ. ಬಯಾಪ್ಸಿ ಕಡ್ಲೆಕಾಳಿನಷ್ಟಿದ್ದರೆ ಓದಲು ಏನೂ ಉಳಿಯದೆ ಹೋಗಬಹುದು. ರಾಸಾಯನಿಕ ಪರಿವರ್ತನೆ ಶೇ 99ಕ್ಕಿಂತ ಕಡಿಮೆಯಾದರೆ, ಮಾರ್ಪಡದೆ ಉಳಿದ ಮಾಮೂಲಿ ಸೈಟೋಸಿನ್‌ಗಳೇ ಮಿಥೈಲ್ ಇದ್ದಂತೆ ತೋರಿ ಸುಳ್ಳು ಪಾಸಿಟಿವ್ ಬರುತ್ತದೆ. ಅದಕ್ಕೇ ಪ್ರತಿ ಬಾರಿಯೂ ಪೂರ್ತಿ ಮಿಥೈಲ್ ಇರುವ, ಒಂದೂ ಇಲ್ಲದ ಎರಡು ನಿಯಂತ್ರಣ ಮಾದರಿಗಳನ್ನು ಜೊತೆಗೇ ಓಡಿಸಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಬೆರಕೆ. ಗಡ್ಡೆಯೆಂದು ಕತ್ತರಿಸಿದ ತುಂಡಿನಲ್ಲಿ ರಕ್ತದ ಬಿಳಿ ಕಣ, ಸ್ನಾಯು, ಆರೋಗ್ಯದ ಚರ್ಮ ಎಲ್ಲವೂ ಇರುತ್ತವೆ. ಕ್ಯಾನ್ಸರ್ ಕೋಶ ಶೇ 30 ಮಾತ್ರ ಇದೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಜೀನ್‌ನ ಎರಡೂ ಪ್ರತಿ ಮುಚ್ಚಿಹೋಗಿದ್ದರೂ ಯಂತ್ರಕ್ಕೆ ಕಾಣುವುದು ಶೇ 30, ಒಂದೇ ಪ್ರತಿ ಮುಚ್ಚಿದ್ದರೆ ಶೇ 15. ‘ಮಿಥೈಲೇಶನ್ ಶೇ 15’ ಎಂದು ಬರೆದ ವರದಿಯಲ್ಲಿ ಕ್ಯಾನ್ಸರ್ ಕೋಶದ ಪ್ರಮಾಣ ಹೇಳಿಲ್ಲದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ಜೊಲ್ಲಿನಿಂದ ಮಿಥೈಲೇಶನ್ ನೋಡಿ ಬಾಯಿ ಕ್ಯಾನ್ಸರ್ ಹಿಡಿಯುವ ಪರೀಕ್ಷೆಗಳಿಗೂ ಇದೇ ಪಾಡು. ಪಿಎಎಕ್ಸ್1, ಝಡ್‌ಎನ್‌ಎಫ್582, ಇಡಿಎನ್‌ಆರ್‌ಬಿ ಮುಂತಾದ ಜೀನ್‌ಗಳ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಆದರೆ ಜೊಲ್ಲಿನಲ್ಲಿ ಬಿಳಿ ಕಣಗಳ ಪಾಲು ವಸಡಿನ ಉರಿಯೂತ ಇದ್ದಾಗ ಏರುತ್ತದೆ, ವಯಸ್ಸಾದಂತೆ ಕೆಲವು ಪ್ರೊಮೋಟರ್‌ಗಳು ತಾವಾಗಿಯೇ ಮಿಥೈಲ್ ಆಗುತ್ತವೆ. ಊಟವಾದ ಕೂಡಲೇ ತೆಗೆದ ಮಾದರಿಯೂ ಕೆಡುತ್ತದೆ. ಕಡೇಪಕ್ಷ ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇದ್ದು, ತಾನಾಗಿ ಇಳಿದ ಜೊಲ್ಲನ್ನು ಡಿಎನ್‌ಎ ಕಾಯುವ ದ್ರಾವಣವಿರುವ ಟ್ಯೂಬಿಗೆ ತುಂಬಬೇಕು. ಕಣ್ಣಿಗೆ ಕಾಣುವ ಹುಣ್ಣು ಇರುವಾಗ ಜೊಲ್ಲು ಪರೀಕ್ಷೆಯಲ್ಲಿ ನೆಗೆಟಿವ್ ಬಂತೆಂದು ಬಯಾಪ್ಸಿ ಬಿಡುವಂತಿಲ್ಲ. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಮಿಥೈಲೇಶನ್ ಓದು ನಿಜಕ್ಕೂ ಸಹಾಯ ಮಾಡುವ ಕಡೆಗಳೂ ಇವೆ. ಗಂಟಲ ಕ್ಯಾನ್ಸರ್ ಇದ್ದವರ ಶ್ವಾಸಕೋಶದಲ್ಲಿ ಸ್ಕ್ವಾಮಸ್ ಗಡ್ಡೆ ಕಂಡರೆ, ಅದು ಹರಡಿಕೊಂಡದ್ದೋ ಹೊಸದಾಗಿ ಹುಟ್ಟಿದ್ದೋ ಎಂದು ಸೂಕ್ಷ್ಮದರ್ಶಕದಲ್ಲಿ ಹೇಳುವುದು ಕಷ್ಟ. ಲಕ್ಷಗಟ್ಟಲೆ ಜಾಗಗಳ ಮಿಥೈಲೇಶನ್ ನಕ್ಷೆ ಆಗ ಮೂಲವನ್ನು ತೋರಿಸಬಲ್ಲದು. ಮೂಗಿನ ಕುಳಿಯ ಗುರುತು ಸಿಗದ ಗಡ್ಡೆಗಳನ್ನು ವಿಂಗಡಿಸುವುದಕ್ಕೂ ಇದು ಬಳಕೆಯಾಗುತ್ತಿದೆ. ಎಂಜಿಎಂಟಿ ಮಿಥೈಲೇಶನ್ ನೋಡಿ ಟೆಮೊಝೋಲೊಮೈಡ್ ಎಂಬ ಕೀಮೋಥೆರಪಿ ಔಷಧದ ಬಗ್ಗೆ ತೀರ್ಮಾನಿಸುವುದು ಮಿದುಳಿನ ಗ್ಲಯೋಬ್ಲಾಸ್ಟೋಮಾದಲ್ಲಿ. ಅದನ್ನು ನಾಲಿಗೆಗೆ ತಂದು ಹಚ್ಚಬಾರದು.

ಹಿಂದಿರುಗಿಸುವ ಔಷಧಗಳಿವೆಯೆ ಎಂದು ಕೇಳಿದಿರಿ. ಇವೆ, ಬೇರೆ ರೋಗಗಳಿಗೆ. ಅಜಾಸೈಟಿಡಿನ್‌ಗೆ 2004ರಲ್ಲಿ, ಡೆಸಿಟಬಿನ್‌ಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಮೂಳೆಮಜ್ಜೆಯ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್‌ಗೆ. ಎಚ್‌ಡಿಎಸಿ ತಡೆಯುವ ವೊರಿನೊಸ್ಟ್ಯಾಟ್‌ಗೆ 2006ರಲ್ಲಿ ಚರ್ಮದ ಟಿ-ಕೋಶ ಲಿಂಫೋಮಾಕ್ಕೆ. ಇಝಡ್‌ಎಚ್2 ತಡೆಯುವ ಟಾಝೆಮೆಟೊಸ್ಟ್ಯಾಟ್‌ಗೆ 2020ರಲ್ಲಿ ಒಂದು ಬಗೆಯ ಸಾರ್ಕೋಮಾ ಮತ್ತು ಲಿಂಫೋಮಾಕ್ಕೆ. ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಮಾಮೂಲಿ ಚಿಕಿತ್ಸೆಯಾಗಿ ಇವುಗಳಲ್ಲಿ ಒಂದೂ ಇಲ್ಲ.

ಕಾರಣ ಅಜಾಸೈಟಿಡಿನ್ ಕೆಲಸ ಮಾಡುವ ರೀತಿಯಲ್ಲಿದೆ. ಕೋಶ ಡಿಎನ್‌ಎ ನಕಲು ಮಾಡುವಾಗ ಸೈಟೋಸಿನ್ ಜಾಗಕ್ಕೆ ಇದು ನುಸುಳುತ್ತದೆ. ಮಿಥೈಲ್ ಅಂಟಿಸಲು ಬಂದ ಡಿಎನ್‌ಎಂಟಿ1 ಕಿಣ್ವ ಅಲ್ಲೇ ಸಿಕ್ಕಿಬೀಳುತ್ತದೆ. ಹೊಸ ನಕಲಿನಲ್ಲಿ ಮಿಥೈಲ್ ಕಡಿಮೆ, ಅದರ ಮುಂದಿನದರಲ್ಲಿ ಇನ್ನೂ ಕಡಿಮೆ. ಅಂದರೆ ಕೋಶ ಹಲವು ಸಲ ಒಡೆದ ಮೇಲಷ್ಟೇ ಪರಿಣಾಮ. ಮಜ್ಜೆಯ ರೋಗದಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 75 ಮಿಲಿಗ್ರಾಮಿನಂತೆ 7 ದಿನ ಕೊಟ್ಟು, 28 ದಿನಗಳಿಗೊಮ್ಮೆ ಮತ್ತೆ ಕೊಡುತ್ತ, 4ರಿಂದ 6 ಸುತ್ತು ಕಾದು ಫಲ ನೋಡುತ್ತಾರೆ. ಅಷ್ಟು ತಿಂಗಳು ನಾಲಿಗೆಯ ಕ್ಯಾನ್ಸರ್ ಕಾಯುವುದಿಲ್ಲ. ಔಷಧ ನಿಲ್ಲಿಸಿದರೆ ಮಿಥೈಲ್ ಮರಳುತ್ತದೆ. ಬೇಕಾದ ಜೀನ್ ಒಂದನ್ನೇ ಆರಿಸಿ ತೆರೆಯಲೂ ಅದಕ್ಕೆ ಬರುವುದಿಲ್ಲ, ಮುಚ್ಚಿರಬೇಕಾದವೂ ತೆರೆದುಕೊಳ್ಳುತ್ತವೆ. ಗಟ್ಟಿ ಗಡ್ಡೆಯ ಒಳಭಾಗಕ್ಕೆ ತಲುಪುವುದು ಕಷ್ಟ, ರಕ್ತದ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಮಾತ್ರ ಕುಸಿಯುತ್ತವೆ.

ಭರವಸೆ ಇರುವುದು ಇಮ್ಯುನೋಥೆರಪಿಯ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆಯ, ಜೊತೆಗಾರನಾಗಿ. ನಮ್ಮ ಡಿಎನ್‌ಎಯಲ್ಲಿ ಹುದುಗಿರುವ ಪುರಾತನ ವೈರಸ್ ತುಣುಕುಗಳನ್ನು ಮಿಥೈಲ್ ಮಲಗಿಸಿಟ್ಟಿರುತ್ತದೆ. ಅದು ಕಳಚಿದಾಗ ಅವು ಎಚ್ಚೆತ್ತು ಜೋಡಿ ಎಳೆಯ ಆರ್‌ಎನ್‌ಎ ತಯಾರಾಗುತ್ತದೆ. ಕೋಶ ತನಗೆ ವೈರಸ್ ಸೋಂಕು ತಗುಲಿತೆಂದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಡುತ್ತದೆ, ರೋಗನಿರೋಧಕ ಕೋಶಗಳು ಗಡ್ಡೆಯತ್ತ ಬರುತ್ತವೆ. 2016ರಿಂದ ಈ ಕ್ಯಾನ್ಸರ್‌ನಲ್ಲಿ ಬಳಕೆಯಲ್ಲಿರುವ ಪೆಂಬ್ರೊಲಿಝುಮಾಬ್ ಎಂಬ ಇಮ್ಯುನೋಥೆರಪಿ ಔಷಧದ ಜೊತೆ ಇಂಥ ಔಷಧಗಳನ್ನು ಕೊಟ್ಟು ನೋಡುವ ಪ್ರಯೋಗಗಳು ಇದೇ ತರ್ಕದ ಮೇಲೆ ನಡೆದಿವೆ. ಇವು ಹೆಚ್ಚಾಗಿ ಮರುಕಳಿಸಿದ ಅಥವಾ ಹರಡಿದ ಕ್ಯಾನ್ಸರ್‌ನವರಿಗೆ. ಈಗಷ್ಟೇ ಪತ್ತೆಯಾದ, ಕತ್ತರಿಸಿ ತೆಗೆಯಬಹುದಾದ ಗಡ್ಡೆಯಿರುವ ನಿಮ್ಮ ತಂದೆಯವರಿಗೆ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆ.

ಆಹಾರದ ಬಗ್ಗೆ. ಮಿಥೈಲ್ ಗುಂಪು ದೇಹಕ್ಕೆ ಫೋಲೇಟ್, ಬಿ12, ಮೆಥಿಯೋನಿನ್ ಇವುಗಳ ಚಕ್ರದಿಂದ ಬರುವುದು ನಿಜ. ಅದರಿಂದ ಫೋಲಿಕ್ ಆಮ್ಲದ ಮಾತ್ರೆ ಗಡ್ಡೆಯ ಗುರುತುಗಳನ್ನು ತಿದ್ದುತ್ತದೆ ಎಂದಾಗುವುದಿಲ್ಲ. ವೇಗವಾಗಿ ಒಡೆಯುವ ಕೋಶಕ್ಕೆ ಡಿಎನ್‌ಎ ಕಟ್ಟಲು ಫೋಲೇಟ್ ಬೇಕು, ಕ್ಯಾನ್ಸರ್ ಕೋಶಕ್ಕೂ ಬೇಕು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಿ, ಹೆಚ್ಚು ಬೇಡ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ ಪ್ರಯೋಗಾಲಯದ ತಟ್ಟೆಯಲ್ಲಿ ಮಿಥೈಲ್ ಕಿಣ್ವವನ್ನು ತಡೆಯುತ್ತದೆ, ಆದರೆ ಅಲ್ಲಿ ಬಳಸುವ ಸಾಂದ್ರತೆ ಕುಡಿದ ಟೀಯಿಂದ ರಕ್ತದಲ್ಲಿ ಬರುವುದಿಲ್ಲ. ಅದರ ಗಟ್ಟಿ ಸಾರದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದದ್ದುಂಟು. ರೇಡಿಯೇಶನ್ ಪಡೆಯುತ್ತಿದ್ದ 540 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೆ ಕೆನಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವನ್ನಂತೂ ಮರೆಯಬಾರದು. ದಿನಕ್ಕೆ 400 ಯೂನಿಟ್ ವಿಟಮಿನ್ ಇ ಸೇವಿಸಿದವರಲ್ಲಿ, ಮಾತ್ರೆ ನುಂಗುತ್ತಿದ್ದ ಅವಧಿಯಲ್ಲಿ ಎರಡನೇ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು.

ನಿಮ್ಮ ತಂದೆಯವರಿಗೆ ಬೇಕಾದ ಆಹಾರ ಎಂದರೆ ತೂಕ ಇಳಿಯದಂತೆ ನೋಡಿಕೊಳ್ಳುವಂಥದ್ದು. ಕಿಲೋ ತೂಕಕ್ಕೆ 25ರಿಂದ 30 ಕಿಲೋಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್. 60 ಕಿಲೋ ಇದ್ದರೆ ದಿನಕ್ಕೆ 1500ರಿಂದ 1800 ಕಿಲೋಕ್ಯಾಲರಿ ಮತ್ತು 72ರಿಂದ 90 ಗ್ರಾಂ ಪ್ರೋಟೀನ್. ನುಂಗಲು ಆಗುತ್ತಿಲ್ಲವೆಂದು ಊಟ ಬಿಡುವ ಮೊದಲೇ ಆಹಾರತಜ್ಞರಿಗೆ ತಿಳಿಸಿ.

ಎಪಿಜೆನೋಮನ್ನು ನಿಜವಾಗಿ ತಿದ್ದುವ, ಕೈಯಲ್ಲಿರುವ ಉಪಾಯ ಒಂದಿದೆ: ಸಿಗರೇಟು ಬಿಡುವುದು. ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್‌ನ ಮಿಥೈಲ್ ಎದ್ದುಕಾಣುವಷ್ಟು ಕಡಿಮೆಯಿರುತ್ತದೆ, ಬಿಟ್ಟ ಮೇಲೆ ಮೆಲ್ಲಗೆ ಏರುತ್ತದೆ. ಧೂಮಪಾನದಿಂದ ಬದಲಾದ ಜಾಗಗಳಲ್ಲಿ ಹೆಚ್ಚಿನವು ಸುಮಾರು 5 ವರ್ಷಗಳಲ್ಲಿ ಸೇದದವರ ಮಟ್ಟಕ್ಕೆ ಮರಳುತ್ತವೆ. ಕೆಲವು 30 ವರ್ಷವಾದರೂ ಮರಳುವುದಿಲ್ಲ. ಇದು ರಕ್ತದ ಲೆಕ್ಕ. ಬಾಯಿಯಲ್ಲಿ ಇನ್ನೂ ಒಂದು ವಿಷಯವಿದೆ. ಹೊಗೆ ತಗುಲಿದ್ದು ಗಡ್ಡೆಯಾದ ಜಾಗಕ್ಕೆ ಮಾತ್ರವಲ್ಲ, ಇಡೀ ಬಾಯಿ, ಗಂಟಲಿಗೆ. ನೋಡಲು ಚೆನ್ನಾಗಿರುವ ಪಕ್ಕದ ಚರ್ಮದಲ್ಲೂ ಮುಚ್ಚಿದ ಪ್ರೊಮೋಟರ್‌ಗಳು, ಕೆಟ್ಟ ಜೀನ್‌ಗಳು ಇರಬಹುದು. 1953ರಲ್ಲೇ ಸ್ಲಾಟರ್ ಮತ್ತು ಸಂಗಡಿಗರು ಹೀಗೆ ಒಟ್ಟಿಗೇ ಕೆಟ್ಟ ಜಾಗವನ್ನು ‘ಕ್ಷೇತ್ರ’ ಎಂದು ಕರೆದರು. ಗಡ್ಡೆ ಪೂರ್ತಿ ತೆಗೆದರೂ ಎರಡನೆಯದು ಹುಟ್ಟುವ ಭಯ ಇರುವುದು ಇದರಿಂದಲೇ. ಚಿಕಿತ್ಸೆ ಮುಗಿದ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ, ಐದು ವರ್ಷದವರೆಗೆ 4ರಿಂದ 8 ತಿಂಗಳಿಗೊಮ್ಮೆ ಬಾಯಿ-ಗಂಟಲು ತೋರಿಸಬೇಕು. ರೇಡಿಯೇಶನ್ ನಡೆಯುವಾಗ ಸೇದುತ್ತಲೇ ಇದ್ದರೆ ಅದರ ಫಲವೂ ಕುಗ್ಗುತ್ತದೆ.

ಮಕ್ಕಳಾದ ನಿಮಗೆ ದಾಟುತ್ತದೆಯೆ? ಇಲ್ಲ. ಆ ಗುರುತುಗಳಿರುವುದು ನಾಲಿಗೆಯ ಕೋಶಗಳಲ್ಲಿ, ನೀವು ಹುಟ್ಟಿದ್ದು ಆ ಕೋಶಗಳಿಂದಲ್ಲ. ಸಂತಾನಕೋಶಗಳು ರೂಪುಗೊಳ್ಳುವಾಗ ಹಳೆಯ ಮಿಥೈಲ್ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ ಕೂಡ. ವಂಶದಲ್ಲಿ ಬರುವ ಅಪಾಯ ಫ್ಯಾಂಕೋನಿ ಅನೀಮಿಯಾದಂಥ ಅಪರೂಪದ ಕಾಯಿಲೆಗಳಲ್ಲಿದೆ, ಅಲ್ಲಿ ಕ್ಯಾನ್ಸರ್ ಬಹಳ ಚಿಕ್ಕ ವಯಸ್ಸಿಗೇ ಬರುತ್ತದೆ. ನೀವೂ ಸಿಗರೇಟು ಸೇದುತ್ತಿದ್ದರೆ ನಿಮ್ಮ ಅಪಾಯ ಆ ಸಿಗರೇಟೇ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಒಡೆದ ದನಿ, ಕುತ್ತಿಗೆಯಲ್ಲಿ ಗಂಟು ಕಂಡರೆ ತೋರಿಸಿ.

ಶಸ್ತ್ರಚಿಕಿತ್ಸೆಯ ನಂತರದ ವರದಿ ಕೈಗೆ ಬಂದಾಗ ಪಿ16 ಸಾಲಿಗಿಂತ ಮೊದಲು ನೋಡಬೇಕಾದ ಅಂಕಿಗಳಿವೆ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ: 5 ಮಿಲಿಮೀಟರ್ ಒಳಗೆ, 10ರ ಒಳಗೆ, ಅಥವಾ ಮೀರಿ. ಸುತ್ತಲೂ ಕ್ಯಾನ್ಸರ್ ಇಲ್ಲದ ಅಂಚು 5 ಮಿಲಿಮೀಟರ್ ಇದೆಯೆ. ನರದ ಸುತ್ತ ಹಬ್ಬಿದೆಯೆ. ಕುತ್ತಿಗೆಯ ಎಷ್ಟು ಗ್ರಂಥಿ ತೆಗೆದರು, ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ಗ್ರಂಥಿಯ ಕವಚ ಒಡೆದು ಹೊರಬಂದಿದೆಯೆ. ಕವಚ ಒಡೆದಿದ್ದರೆ ಅಥವಾ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ರೇಡಿಯೇಶನ್ ಜೊತೆ ಸಿಸ್‌ಪ್ಲಾಟಿನ್ ಸೇರಿಸುವ ಮಾತು ಬರುತ್ತದೆ. ರೇಡಿಯೇಶನ್ ಬೇಕಾದರೆ ಶಸ್ತ್ರಚಿಕಿತ್ಸೆಯಾದ 6 ವಾರದೊಳಗೆ ಶುರುವಾಗಬೇಕು.

ಇನ್ನೊಂದು ಕೆಲಸ ಈಗಲೇ ಮಾಡಿಡಿ. ಬಯಾಪ್ಸಿಯ ಮತ್ತು ತೆಗೆದ ಗಡ್ಡೆಯ ಪ್ಯಾರಾಫಿನ್ ಬ್ಲಾಕ್‌ಗಳ (ಮೇಣದಲ್ಲಿ ಹುದುಗಿಸಿಟ್ಟ ತುಂಡುಗಳ) ಸಂಖ್ಯೆಯನ್ನು ವರದಿಯಿಂದ ಬರೆದುಕೊಂಡು, ಅವನ್ನು ಎಷ್ಟು ವರ್ಷ ಇಟ್ಟಿರುತ್ತಾರೆ ಎಂದು ಪೆಥಾಲಜಿ ವಿಭಾಗದಲ್ಲಿ ಕೇಳಿ. ಮುಂದೆ ಕ್ಯಾನ್ಸರ್ ಮರುಕಳಿಸಿ ಇಮ್ಯುನೋಥೆರಪಿಗೆ ಮೊದಲು ಮಾಡುವ ಪಿಡಿ-ಎಲ್1 ಪರೀಕ್ಷೆಯೋ ಯಾವುದಾದರೂ ಎಪಿಜೆನೆಟಿಕ್ ಔಷಧದ ಪ್ರಯೋಗವೋ ಎದುರಾದರೆ ಮೊದಲು ಕೇಳುವುದು ಆ ಬ್ಲಾಕನ್ನೇ. ಅದು ಸಿಕ್ಕರೆ ಇನ್ನೊಂದು ಬಯಾಪ್ಸಿಯ ನೋವು ಅವರಿಗೆ ತಪ್ಪಬಹುದು.